ಸಂಜೆ ಸಿಂಹಾಸನ, ರಾತ್ರಿ ಸಿಪ್ಯಾಪ್

ಹೆಂಗಸರು ಗೊರಕೆ ಹೊಡೆಯುವುದಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಹೊಡೆದರೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಯಜಮಾನರು ವರ್ಷಗಟ್ಟಲೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದರೇ ಹೊರತು ಒಂದು ಮಾತು ಆಡಲಿಲ್ಲ. ಕೊನೆಗೆ ಹೇಳಿದ್ದು ಬಾಣಂತನಕ್ಕೆ ಬಂದ ಮಗಳು. ಪಾಪುಗೆ ಹಾಲು ಕುಡಿಸಲು ರಾತ್ರಿಯೆಲ್ಲ ಎದ್ದು ಕೂರುತ್ತಿದ್ದವಳು ಅವಳೇ ಅಲ್ವಾ. "ಅಮ್ಮ, ಗೊರಕೆ ಬಿಡು. ಮಧ್ಯೆ ಮಧ್ಯೆ ಗೊರಕೆನೇ ನಿಂತುಹೋಗುತ್ತೆ. ಉಸಿರೂ ಇರಲ್ಲ. ಆಮೇಲೆ ಗಕ್ ಅಂತ ಎಳ್ಕೋತೀಯ. ನಂಗೆ ಭಯ ಆಗುತ್ತೆ" ಎಂದಳು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನೂ ಕೇಳಿಸಿದಳು. ನನ್ನದೇ ಗಂಟಲು ಅಂತ ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಲಕ್ಷಣಗಳು ಮೊದಲಿನಿಂದಲೂ ಇದ್ದವು. ಬೆಳಗ್ಗೆ ಎದ್ದರೆ ತಲೆ ಭಾರ, ಬಾಯಿ ಒಣಗಿ ಅಂಟು ಅಂಟು. ರಾತ್ರಿ ಮತ್ತೆ ಮತ್ತೆ ಬಾತ್‌ರೂಮಿಗೆ ಏಳುವುದು. ಶುಗರ್ ಇರಬಹುದು ಅಂತ ಟೆಸ್ಟ್ ಮಾಡಿಸಿದರೆ ಶುಗರ್ ಇಲ್ಲ. ಥೈರಾಯ್ಡ್ ಕೂಡ ಸರಿ ಇತ್ತು. ಬಿಪಿ ಮಾತ್ರೆ ಜಾಸ್ತಿ ಮಾಡಿದರು, ಬಿಪಿ ಜಗ್ಗಲಿಲ್ಲ. ಬ್ಯಾಂಕಿನಲ್ಲಿ ಮಧ್ಯಾಹ್ನ ಊಟ ಆದ ಮೇಲೆ ಕೌಂಟರಿನ ಆಚೆ ಜನ ನಿಂತಿರುವಾಗಲೇ ತೂಕಡಿಕೆ. ಮುಟ್ಟು ನಿಂತ ಮೇಲೆ ಎಲ್ಲರಿಗೂ ಹೀಗೇ ಅಂತ ಓರಗಿತ್ತಿ ಸಮಾಧಾನ ಹೇಳಿದಳು. ಅವಳು ಹೇಳಿದ್ದರಲ್ಲೂ ಒಂದಿಷ್ಟು ನಿಜ ಇತ್ತು ಅನ್ನಿ. ಉಸಿರಾಟವನ್ನು ಚುರುಕಾಗಿ ಇಡುವ ಪ್ರೊಜೆಸ್ಟರಾನ್ ಮುಟ್ಟು ನಿಂತ ಮೇಲೆ ಇಳಿದುಹೋಗುತ್ತದೆ. ಅಲ್ಲಿಯವರೆಗೆ ಗಂಡಸರಿಗೇ ಜಾಸ್ತಿ ಇದ್ದ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ, ಆಮೇಲೆ ಹೆಂಗಸರನ್ನೂ ಹಿಡಿಯುತ್ತದೆ. ಆದರೆ ನಾವು ಡಾಕ್ಟ್ರ ಹತ್ತಿರ ಹೋಗಿ "ಸುಸ್ತು, ನಿದ್ದೆ ಸರಿಯಾಗಿ ಬರಲ್ಲ" ಅಂತೀವೇ ಹೊರತು "ಗೊರಕೆ ಹೊಡೀತೀನಿ" ಅನ್ನುವುದಿಲ್ಲ. ಅವರು ನಿದ್ದೆ ಮಾತ್ರೆ ಬರೆದುಕೊಡುತ್ತಾರೆ. ಕೆಲವು ನಿದ್ದೆ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನೂ ಸಡಿಲ ಮಾಡುತ್ತವೆ.

ಮಗಳ ಒತ್ತಾಯಕ್ಕೆ ಮೈಸೂರಿನಲ್ಲೇ ಒಬ್ಬರು ಶ್ವಾಸಕೋಶದ ಡಾಕ್ಟ್ರನ್ನು ನೋಡಿದೆ. ಅವರು ಮೊದಲು ಟೇಪ್ ತೆಗೆದು ನನ್ನ ಕುತ್ತಿಗೆ ಸುತ್ತಳತೆ ನೋಡಿದರು. ಬ್ಲೌಸ್ ಹೊಲಿಸಲು ಬಂದೆನೋ ಅನ್ನಿಸಿತು. ಆಮೇಲೆ ಬಾಯಿ ತೆರೆಸಿ, ನಾಲಿಗೆ ಹೊರಗೆ ಹಾಕಿಸಿ, ಕಿರುನಾಲಿಗೆ ಎಷ್ಟು ಕಾಣುತ್ತದೆ ಅಂತ ಟಾರ್ಚ್ ಬಿಟ್ಟು ನೋಡಿದರು. ನನ್ನದು ಕಾಣಲೇ ಇಲ್ಲವಂತೆ. "ಒಂದು ರಾತ್ರಿ ಇಲ್ಲೇ ಮಲಗಿ ಹೋಗಿ" ಎಂದರು.

ಆ ರಾತ್ರಿಗೆ ಹೋಗುವವರಿಗೆ ಒಂದು ಕಿವಿಮಾತು. ಅವತ್ತು ತಲೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಇದ್ದರೆ ವೈರು ಕೂರುವುದಿಲ್ಲ. ಬೆರಳಿಗೆ ಉಗುರು ಬಣ್ಣ, ಮೆಹಂದಿ ಬೇಡ, ಆಕ್ಸಿಜನ್ ನೋಡುವ ಕ್ಲಿಪ್ಪು ಅಲ್ಲೇ ಹಾಕುವುದು. ಟೆಕ್ನಿಷಿಯನ್ ಹುಡುಗಿ ನನ್ನ ಬೈತಲೆ ಬಿಡಿಸಿ, ಬಿಳಿ ಪೇಸ್ಟ್ ಮೆತ್ತಿ, ಒಂದೊಂದೇ ವೈರು ಅಂಟಿಸಿದಳು. ಕಣ್ಣಿನ ಪಕ್ಕ, ಗಲ್ಲದ ಕೆಳಗೆ, ಎದೆಗೆ, ಕಾಲಿಗೆ. ಮೂಗಿಗೆ ಸಣ್ಣ ಕೊಳವೆ. ಎದೆಗೊಂದು ಹೊಟ್ಟೆಗೊಂದು ಪಟ್ಟಿ. "ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬರುತ್ತೇನಮ್ಮ?" ಅಂದೆ. "ಬರುತ್ತೆ ಆಂಟಿ, ಎಲ್ರೂ ಹೀಗೇ ಕೇಳ್ತಾರೆ" ಅಂದಳು. ಬಂತು. ಬೆಳಗ್ಗೆ ಆ ಪೇಸ್ಟ್ ಕೂದಲಿನಿಂದ ಬಿಡಿಸಲು ಮಾತ್ರ ಸೀಗೆಕಾಯಿ ಸಾಲಲಿಲ್ಲ.

ವರದಿಯಲ್ಲಿ ಎ.ಎಚ್.ಐ. 27 ಅಂತ ಇತ್ತು. ನಿದ್ದೆಯಲ್ಲಿ ಗಂಟೆಗೆ 27 ಸಲ ಉಸಿರು ಪೂರ್ತಿ ನಿಂತಿದೆ ಅಥವಾ ಅರೆಬರೆ ಆಗಿದೆ ಅಂತ ಅರ್ಥ. ಕನಿಷ್ಠ 10 ಸೆಕೆಂಡ್ ನಿಂತರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 5ರವರೆಗೆ ಪರವಾಗಿಲ್ಲ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನನ್ನ ಆಕ್ಸಿಜನ್ ಒಂದು ಹೊತ್ತಿನಲ್ಲಿ 79ಕ್ಕೆ ಇಳಿದಿತ್ತು. ಕೊರೊನಾ ಕಾಲದಲ್ಲಿ ಬೆರಳಿಗೆ ಕ್ಲಿಪ್ಪು ಹಾಕಿಕೊಂಡು 94ಕ್ಕೆ ಇಳಿದರೆ ಓಡಾಡಿದವರು ನಾವು. 79 ನೋಡಿ ಯಜಮಾನರು ಕುರ್ಚಿಯಲ್ಲಿ ಸರಿದು ಕೂತರು.

ಡಾಕ್ಟ್ರು ಪೇಪರಿನ ಮೇಲೆ ಚಿತ್ರ ಬರೆದು ತೋರಿಸಿದರು. ಮೂಗಿನ ಹಿಂದಿನಿಂದ ಧ್ವನಿಪೆಟ್ಟಿಗೆಯವರೆಗೆ ಗಂಟಲಿಗೆ ಮೂಳೆಯ ಆಸರೆ ಇಲ್ಲ, ಬರೀ ಮಾಂಸ. ಎಚ್ಚರ ಇರುವಾಗ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಬಂದಾಗ ಅವೂ ಸಡಿಲವಾಗುತ್ತವೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಬರುವುದಿಲ್ಲ. ಆಕ್ಸಿಜನ್ ಇಳಿದಾಗ ಮಿದುಳು ತಟ್ಟಿ ಎಬ್ಬಿಸುತ್ತದೆ. ನಮಗೆ ಎದ್ದದ್ದೇ ನೆನಪಿರುವುದಿಲ್ಲ.

ಮದ್ದು ಸಿಪ್ಯಾಪ್ ಎಂಬ ಮೆಷಿನ್. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ಡಾಕ್ಟರು ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನಂಥದ್ದನ್ನು ಇಟ್ಟುಕೊಂಡು ಶುರು ಮಾಡಿದ ಉಪಾಯ. ಮೂಗಿನಿಂದ ಒತ್ತಡದ ಗಾಳಿ ಬಿಟ್ಟು ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುವುದು. ಉಪಾಯ ಸರಳ. ಅದರ ಜೊತೆ ಮಲಗುವುದು ಸರಳ ಅಲ್ಲ. ನನಗೆ ಕೊಟ್ಟದ್ದು ಮೂಗಿನ ಮೇಲೆ ಕೂರುವ ಮಾಸ್ಕ್. ಮೂಗಿನಿಂದ ಹೋದ ಗಾಳಿ ತೆರೆದ ಬಾಯಿಂದ ಹೊರಗೆ ಬಂದುಬಿಡುತ್ತಿತ್ತು. ಉಸಿರು ಬಿಡುವಾಗ ಎದುರುಗಾಳಿ. ಮಧ್ಯರಾತ್ರಿ ನಿದ್ದೆಗಣ್ಣಿನಲ್ಲೇ ಕಿತ್ತು ಎಸೆದಿರುತ್ತಿದ್ದೆ. ಬೆಳಗ್ಗೆ ಅದು ಮಂಚದ ಕೆಳಗೆ ಬುಸುಗುಡುತ್ತ ಬಿದ್ದಿರುತ್ತಿತ್ತು.

ಇಷ್ಟಾಗುವ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಸಲಹೆಗಳು ಶುರುವಾದವು. "ಆ ಮೆಷಿನ್ ಎಲ್ಲ ಯಾಕ್ರೀ, ಕಪಾಲಭಾತಿ ಮಾಡಿ, ವಾರದಲ್ಲಿ ಹೋಗುತ್ತೆ" ಅಂದವರು ಒಬ್ಬರಲ್ಲ. ವಾಟ್ಸಾಪಿನಲ್ಲಿ ವೀಡಿಯೋಗಳ ಮೇಲೆ ವೀಡಿಯೋ. ಡಾಕ್ಟ್ರನ್ನೇ ಕೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಮಾಡಿ. ಆದರೆ ಮೆಷಿನ್ ಬಿಡಬೇಡಿ. ಯಾವುದು ಮಾಡ್ತೀರಿ ಅನ್ನೋದು ಮುಖ್ಯ" ಎಂದು ಸ್ವಿಟ್ಜರ್‌ಲೆಂಡಿನ ಒಂದು ಕಥೆ ಹೇಳಿದರು. ಅಲ್ಲಿ ಡಿಜೆರಿಡೂ ಕಲಿಸುವ ಒಬ್ಬ ಮೇಷ್ಟ್ರಿಗೇ ಆಪ್ನಿಯಾ ಇತ್ತು. ಡಿಜೆರಿಡೂ ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ಊದುವ ಉದ್ದನೆಯ ಮರದ ಕೊಳವೆ. ಊದುತ್ತಾ ಊದುತ್ತಾ ಅವರ ಹಗಲು ತೂಕಡಿಕೆ ಕಡಿಮೆಯಾಯಿತು. ಡಾಕ್ಟರುಗಳು 25 ಜನರನ್ನು ಸೇರಿಸಿ, ಕೆಲವರಿಗೆ ನಾಲ್ಕು ತಿಂಗಳು ಊದಲು ಕಲಿಸಿ ನೋಡಿದರು. ಊದಿದವರಿಗೆ ಆಪ್ನಿಯಾ ಇಳಿಯಿತು. 2017ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು, ಅದೂ ಶಾಂತಿ ಬಹುಮಾನ. ಪಕ್ಕದಲ್ಲಿ ಮಲಗುವವರ ಶಾಂತಿ ಇರಬೇಕು. ಮನೆಗೆ ಬರುತ್ತಾ ಯಜಮಾನರು "ಒಂದು ಕಹಳೆ ತರ್ಲೇನೆ?" ಎಂದರು.

ಕಹಳೆ ತರಲಿಲ್ಲ. ನಮ್ಮ ಸರಸ್ವತೀಪುರದ ಹತ್ತಿರವೇ ಒಬ್ಬರು ರಿಟೈರ್ಡ್ ಮೇಷ್ಟ್ರು ಸಂಜೆ ಯೋಗ ಹೇಳಿಕೊಡುತ್ತಾರೆ. ಮೈಸೂರಲ್ಲಿ ಯೋಗದ ಶಾಲೆಗೆ ಬರವಿಲ್ಲ, ಆದರೆ ವಿದೇಶದವರ ಜೊತೆ ಕಾಲು ತಲೆ ಮೇಲೆ ಹಾಕುವ ವಯಸ್ಸು ನನ್ನದಲ್ಲ. ಮೇಷ್ಟ್ರು ನನ್ನ ವರದಿಯನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿದರು. ಮೊದಲು ಹೇಳಿದ್ದು ಏನೇನು ಬೇಡ ಅಂತ. ಬಿಪಿ ಇರುವುದರಿಂದ ಕಪಾಲಭಾತಿ ಬೇಡ, ಭಸ್ತ್ರಿಕಾ ಬೇಡ. ಉಸಿರು ತಡೆದು ಹಿಡಿಯುವ ಕುಂಭಕವಂತೂ ಬೇಡವೇ ಬೇಡ. "ರಾತ್ರಿಯೆಲ್ಲ ಉಸಿರು ತಾನಾಗೇ ನಿಲ್ತಾ ಇದೆ. ಹಗಲೂ ನೀವು ನಿಲ್ಲಿಸ್ತೀರಾ ತಾಯಿ?" ಎಂದರು. ಆ ಮಾತಿಗೆ ನನಗೆ ಅವರ ಮೇಲೆ ನಂಬಿಕೆ ಬಂತು. ಎಲ್ಲರಿಗೂ ಒಂದೇ ಪಟ್ಟಿ ಹಂಚುವವರು ಜಾಸ್ತಿ, ಬೇಡ ಅನ್ನುವವರು ಕಡಿಮೆ.

ಮೂಗಿನಿಂದ ಶುರು ಮಾಡಿಸಿದರು. ನನ್ನ ಎಡ ಮೂಗು ಯಾವಾಗಲೂ ಕಟ್ಟಿರುತ್ತಿತ್ತು. ಮೂಗು ಕಟ್ಟಿದ್ದರೆ ಬಾಯಿ ತೆರೆಯುತ್ತದೆ, ಬಾಯಿ ತೆರೆದರೆ ದವಡೆ ಹಿಂದೆ ಸರಿದು ಗಂಟಲು ಇಕ್ಕಟ್ಟಾಗುತ್ತದೆ. ಅದಕ್ಕೆ ಜಲನೇತಿ, ಅಂದರೆ ಉಪ್ಪುನೀರು ಬಿಟ್ಟು ಮೂಗು ತೊಳೆಯುವುದು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರನ್ನು ಹಾಗೇ ಮೂಗಿಗೆ ಬಿಟ್ಟರೆ ಮಿದುಳಿಗೆ ಹೋಗುವ ಅಮೀಬಾದ ಅಪಾಯ ಇದೆ, ಅಪರೂಪಕ್ಕಾದರೂ ಜೀವಕ್ಕೇ ಬರುತ್ತದೆ. ಅರ್ಧ ಲೀಟರಿಗೆ ಸಣ್ಣ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಉಪ್ಪು ಸರಿ ಇದ್ದರೆ ಉರಿ ಇಲ್ಲ. ಕಡಿಮೆಯಾದರೆ ಹಣೆಯವರೆಗೂ ಚುರುಗುಟ್ಟುತ್ತದೆ. ಆಮೇಲೆ ಒಂದೊಂದೇ ಮೂಗಿನಿಂದ ಉಸಿರಾಡುವ ಅನುಲೋಮ ವಿಲೋಮ, ನಿಧಾನಕ್ಕೆ, ಎಲ್ಲೂ ತಡೆಯದೆ.

ಅಷ್ಟರಲ್ಲಿ ಅಕ್ಕನ ಮಗಳು ಊರಿಗೆ ಬಂದಳು. ಅವಳು ನಮ್ಮ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲೇ ಓದಿದವಳು, ಸ್ಪೀಚ್ ಥೆರಪಿಸ್ಟ್. ನಾನು ಮೂಗು ಹಿಡಿದು ಕೂತಿದ್ದನ್ನು ನೋಡಿ, "ಚಿಕ್ಕಮ್ಮ, ಇದು ಒಳ್ಳೇದೇ. ಆದರೆ ಇದರಿಂದ ಆಪ್ನಿಯಾ ಇಳಿಯಲ್ಲ" ಎಂದಳು. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಮಾಡಿದ, 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದಳು. ನನ್ನ ಹಾಗೆ ಮಧ್ಯಮ ಆಪ್ನಿಯಾ ಇದ್ದ 31 ಜನ. ಅರ್ಧ ಜನಕ್ಕೆ ಮೂರು ತಿಂಗಳು ನಾಲಿಗೆ, ಅಂಗುಳು, ಕೆನ್ನೆಯ ವ್ಯಾಯಾಮ. ಇನ್ನರ್ಧ ಜನಕ್ಕೆ ಬರೀ ದೀರ್ಘ ಉಸಿರಾಟ. ನಾಲಿಗೆ ವ್ಯಾಯಾಮ ಮಾಡಿದವರ ಎ.ಎಚ್.ಐ. ಸರಾಸರಿ 22.4ರಿಂದ 13.7ಕ್ಕೆ ಇಳಿಯಿತು. ಬರೀ ಉಸಿರು ಎಳೆದು ಬಿಟ್ಟವರಿಗೆ ಏನೂ ಇಳಿಯಲಿಲ್ಲ. ಅಂದರೆ ಅಲ್ಲಿ ದೀರ್ಘ ಉಸಿರಾಟವನ್ನು ಹೋಲಿಕೆಗೆ, ಸುಮ್ನೆ ಮಾಡಿಸುವ ಚಿಕಿತ್ಸೆಯಾಗಿ ಇಟ್ಟಿದ್ದರು!

ನನಗೆ ಬೇಜಾರಾಯಿತು. ಮಾರನೇ ದಿನ ಮೇಷ್ಟ್ರ ಮುಂದೆ ಅದನ್ನೇ ಹೇಳಿದೆ. ಅವರಿಗೆ ಕೋಪ ಬರುತ್ತದೇನೋ ಅಂದುಕೊಂಡಿದ್ದೆ. "ಆ ನಾಲಿಗೆ ವ್ಯಾಯಾಮ ಯಾವುದು ತೋರಿಸಿ" ಎಂದರು. ಅಕ್ಕನ ಮಗಳು ಕಲಿಸಿದ್ದನ್ನು ತೋರಿಸಿದೆ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ, ಅಂಗುಳಿನ ಮೇಲೆ ಹಾಗೇ ಹಿಂದಕ್ಕೆ ಜಾರಿಸುವುದು. ಇಡೀ ನಾಲಿಗೆಯನ್ನು ಅಂಗುಳಿಗೆ ಹೀರಿ ಅಂಟಿಸಿ ಹಿಡಿಯುವುದು. ತುದಿ ಕೆಳಹಲ್ಲಿಗೆ ತಾಗಿಸಿಕೊಂಡು ನಾಲಿಗೆಯ ಹಿಂಭಾಗವನ್ನು ಕೆಳಗೆ ಒತ್ತುವುದು. "ಆ" ಅನ್ನುತ್ತಾ ಕಿರುನಾಲಿಗೆ ಎತ್ತುವುದು, ಕನ್ನಡಿಯಲ್ಲಿ ನೋಡಿಕೊಂಡು. ಬಾಯೊಳಗೆ ಬೆರಳಿಟ್ಟು ಕೆನ್ನೆಯಿಂದ ಅದನ್ನು ಒಳಗೆ ತಳ್ಳುವುದು. ಮೇಷ್ಟ್ರು ಎರಡನೆಯದಕ್ಕೇ ಕೈ ಎತ್ತಿ ನಿಲ್ಲಿಸಿದರು. "ಇದು ಜಿಹ್ವಾಬಂಧ ಅಲ್ವಾ? ಹಾಗಾದರೆ ಸಿಂಹಾಸನ ಜಾಸ್ತಿ ಮಾಡೋಣ" ಎಂದರು.

ಸಿಂಹಾಸನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಇದನ್ನು ಮಕ್ಕಳನ್ನು ನಗಿಸುವ ಆಸನ ಅಂದುಕೊಂಡಿದ್ದಾರೆ. ವಜ್ರಾಸನದಲ್ಲಿ ಕೂರಬೇಕು. ನನ್ನ ಮಂಡಿ ಒಪ್ಪಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತೆ. ಅಂಗೈಗಳು ತೊಡೆಯ ಮೇಲೆ, ಬೆರಳು ಅಗಲ, ಬೆನ್ನು ನೇರ. ಮೂಗಿನಿಂದ ಉಸಿರು ತೆಗೆದುಕೊಂಡು, ಬಾಯಿ ಪೂರ್ತಿ ತೆರೆದು, ನಾಲಿಗೆಯನ್ನು ಗಲ್ಲದ ಕಡೆಗೆ ಬೇರಿನಿಂದ ಹೊರಗೆ ಚಾಚಬೇಕು. ದೃಷ್ಟಿ ಹುಬ್ಬುಗಳ ಮಧ್ಯೆ. ಗಂಟಲಿನ ಆಳದಿಂದ "ಹಾ..." ಅಂತ ಉಸಿರು ಬಿಡಬೇಕು. ತುದಿ ನಾಲಿಗೆ ಮಾತ್ರ ತೋರಿಸಿದರೆ ಮೇಷ್ಟ್ರು ಬಿಡುವುದಿಲ್ಲ. "ಬುಡ ಎಳೀಬೇಕು ತಾಯಿ, ಬುಡ" ಎನ್ನುತ್ತಾರೆ. ಸರಿಯಾಗಿ ಮಾಡಿದರೆ ಗಲ್ಲದ ಕೆಳಗೆ, ಕಿವಿಯ ಹತ್ತಿರ ಸೆಳೆತ ಗೊತ್ತಾಗುತ್ತದೆ. ಮೊದಮೊದಲು ವಾಂತಿ ಬಂದ ಹಾಗೆ ಆಗುತ್ತಿತ್ತು, ಕಣ್ಣಲ್ಲಿ ನೀರು. ಮಾರನೇ ದಿನ ಅನ್ನ ನುಂಗುವಾಗ ನಾಲಿಗೆಯ ಬುಡದಲ್ಲಿ ನೋವು. ಹೊಸದಾಗಿ ತೋಟದ ಕೆಲಸಕ್ಕೆ ಇಳಿದವರಿಗೆ ಮೈಕೈ ನೋಯುತ್ತದಲ್ಲ, ಅದೇ ನೋವು. ನನಗಂತೂ ಅದು ಖುಷಿ ಕೊಟ್ಟಿತು, ಎಲ್ಲೋ ಕೆಲಸ ನಡೀತಿದೆ ಅಂತ.

ಆಮೇಲೆ ಉಜ್ಜಾಯಿ ಪ್ರಾಣಾಯಾಮ. ಅದರಲ್ಲಿ ಬಾಯಿ ಮುಚ್ಚಿಕೊಂಡೇ ಗಂಟಲನ್ನು ಸ್ವಲ್ಪ ಬಿಗಿ ಮಾಡಿ, ಸಣ್ಣ ಸದ್ದು ಬರುವ ಹಾಗೆ ಉಸಿರಾಡುವುದು. ಇದರ ಲಾಭ ನನಗೆ ಸಿಕ್ಕಿದ್ದು ಬೇರೆ ಕಡೆ. ಮಾಸ್ಕ್ ಹಾಕಿಕೊಂಡಾಗ ಎದುರುಗಾಳಿಗೆ ಉಸಿರು ಬಿಡಬೇಕಲ್ಲ, ಉಜ್ಜಾಯಿ ರೂಢಿಯಾದ ಮೇಲೆ ಆ ಗಾಬರಿ ಹೋಯಿತು. ದುಂಬಿಯ ಹಾಗೆ ಗುಂಯ್‌ಗುಟ್ಟುವ ಭ್ರಾಮರಿಯನ್ನು ಮಲಗುವ ಮುಂಚೆ ಮಾಡುತ್ತೇನೆ. ಹೀಗೆ ಗುಂಯ್‌ಗುಟ್ಟಿದಾಗ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುಮ್ಮನೆ ಉಸಿರು ಬಿಡುವಾಗಿನದಕ್ಕಿಂತ ಸುಮಾರು 15 ಪಟ್ಟು ಜಾಸ್ತಿ ಎಂದು ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲೇ ಅಳೆದಿದ್ದಾರೆ. ಸೈನಸ್ಸುಗಳಲ್ಲಿ ಗಾಳಿ ಆಡುವುದರಿಂದ ಹಾಗೆ. ಅದರಿಂದ ಆಪ್ನಿಯಾ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನನಗೆ ಮೂಗು ಬಿಡುತ್ತದೆ, ಮನಸ್ಸು ತಣ್ಣಗಾಗುತ್ತದೆ, ಅಷ್ಟು ಸಾಕು. ಪಾಪುವೂ ಅದನ್ನು ಕೇಳುತ್ತಾ ನಿದ್ದೆ ಹೋಗುತ್ತಿತ್ತು.

ಅರ್ಧ ಗಂಟೆಯಾದರೂ ಬೇಕು ಇದಕ್ಕೆಲ್ಲ. ದಿನಾ. ಬ್ರೆಜಿಲ್‌ನವರೂ ದಿನಕ್ಕೆ ಸುಮಾರು 30 ನಿಮಿಷ ಮಾಡಿಸಿದ್ದರಂತೆ. ನಾಲಿಗೆಯ ವ್ಯಾಯಾಮಕ್ಕೆ ಜಾಗ ಬೇಡ ಅನ್ನುವುದು ಅನುಕೂಲ. ಕುಕ್ಕರ್ ಕೂಗುವವರೆಗೆ, ಬಟ್ಟೆ ಮಡಿಸುವಾಗ, ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಜಿಹ್ವಾಬಂಧ. ಸಿಂಹಾಸನ ಮಾತ್ರ ಬಸ್ಸಿನಲ್ಲಿ ಆಗುವುದಿಲ್ಲ.

ಮೊದಲು ಬದಲಾದದ್ದು ಬಾಯಿ. ಬೆಳಗ್ಗೆ ಎದ್ದಾಗ ನಾಲಿಗೆ ಒಣಗಿರುತ್ತಿರಲಿಲ್ಲ. ಮೆಷಿನ್ನಿನ ಆ್ಯಪ್ ಪ್ರತಿದಿನ ಎಷ್ಟು ಗಾಳಿ ಸೋರಿತು ಅಂತ ತೋರಿಸುತ್ತದೆ. ಆ ಗೆರೆ ನಿಧಾನಕ್ಕೆ ಕೆಳಗೆ ಬಂತು. ಬಾಯಿ ಮುಚ್ಚಿದ್ದರಿಂದ ಮಾಸ್ಕ್ ಕಿತ್ತು ಎಸೆಯುವುದೂ ನಿಂತಿತು. ಈಗೀಗ ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗುವುದು ಫ್ಯಾಷನ್ ಆಗಿದೆ. ಮೂಗು ಕಟ್ಟಿದವರು, ಆಪ್ನಿಯಾ ಇರುವವರು ಆ ಸಾಹಸಕ್ಕೆ ಹೋಗಬೇಡಿ. ಮೆಷಿನ್ ಸರಿಯಾಗಿ ಹಾಕಿಕೊಳ್ಳಲು ಶುರುವಾದ ಮೇಲೆ ಉಳಿದದ್ದೆಲ್ಲ ಬೇಗ ಬೇಗ ಆಯಿತು. ರಾತ್ರಿ ಬಾತ್‌ರೂಮಿಗೆ ಏಳುವುದು ನಿಂತಿತು, ತಲೆ ಭಾರ ಹೋಯಿತು, ಬಿಪಿ ಮಾತ್ರೆಯನ್ನು ಹಳೆಯ ಅಳತೆಗೆ ಇಳಿಸಿದರು. ಆ ಹೊಗಳಿಕೆ ಮೆಷಿನ್ನಿಗೇ ಸಲ್ಲಬೇಕು. ಪ್ರಾಣಾಯಾಮ ಮಾಡಿದ್ದು ನನ್ನನ್ನು ಅದರ ಜೊತೆ ಮಲಗುವ ಹಾಗೆ ಮಾಡಿದ್ದು.

ಹಾಗಾದರೆ ಮೆಷಿನ್ ಇಲ್ಲದೆ ಏನಾದರೂ ಇಳಿದಿದೆಯಾ? ಅದೇ ನನಗೂ ಕುತೂಹಲ. ಸುಮಾರು ಅರ್ಧ ವರ್ಷದ ಮೇಲೆ ಡಾಕ್ಟ್ರು ಮತ್ತೆ ಒಂದು ರಾತ್ರಿ, ಮೆಷಿನ್ ಇಲ್ಲದೆ, ವೈರು ಕಟ್ಟಿಸಿ ಮಲಗಿಸಿದರು. ಎ.ಎಚ್.ಐ. 18. ಆಕ್ಸಿಜನ್ ಕೆಳಗೆಂದರೆ 85. ಮೇಷ್ಟ್ರು ಸಿಹಿ ಹಂಚುವಷ್ಟು ಖುಷಿಪಟ್ಟರು. ಡಾಕ್ಟ್ರು ಅಷ್ಟು ಕುಣಿಯಲಿಲ್ಲ. ಈ ಮಧ್ಯೆ ನಾನು ನಾಲ್ಕು ಕೆಜಿ ಇಳಿದಿದ್ದೆ. ಬೆನ್ನ ಹಿಂದೆ ದಿಂಬು ಇಟ್ಟುಕೊಂಡು ಮಗ್ಗುಲಲ್ಲಿ ಮಲಗುವುದೂ ಅಭ್ಯಾಸವಾಗಿತ್ತು. ತೂಕ 10 ಪ್ರತಿಶತ ಇಳಿದರೆ ಎ.ಎಚ್.ಐ. ಕಾಲು ಭಾಗದಷ್ಟು ಇಳಿಯುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ನೋಡಿ ಲೆಕ್ಕ ಹಾಕಿದ್ದಾರಂತೆ. "ಸಿಂಹಾಸನದ ಪಾಲು ಎಷ್ಟು, ತೂಕದ ಪಾಲು ಎಷ್ಟು ಅಂತ ನಿಮ್ಮೊಬ್ಬರ ವರದಿ ನೋಡಿ ಹೇಳೋಕಾಗಲ್ಲ" ಎಂದರು. "ಇದು ಈಗಲೂ ಮಧ್ಯಮವೇ. ಮೆಷಿನ್ ಇರಲಿ." ಒತ್ತಡದ ಮಿತಿಯನ್ನು ಮಾತ್ರ ಸ್ವಲ್ಪ ಇಳಿಸಿಕೊಟ್ಟರು.

ಒಂದು ಸಣ್ಣ ಸಾಕ್ಷಿ ನನ್ನ ಹತ್ತಿರ ಇದೆ, ಡಾಕ್ಟ್ರು ಅದನ್ನು ಸಾಕ್ಷಿ ಅಂತ ಒಪ್ಪಲಿಕ್ಕಿಲ್ಲ. ನಾದಿನಿಯ ಮಗನ ಮದುವೆ, ಅದರ ಹಿಂದೆಯೇ ಪಾಪುವಿನ ನಾಮಕರಣ. ಕೆಲವು ವಾರ ನಾಲಿಗೆ ವ್ಯಾಯಾಮ ಪೂರ್ತಿ ನಿಂತುಹೋಯಿತು. ಮೆಷಿನ್ ಹಾಕುತ್ತಲೇ ಇದ್ದೆ, ತೂಕವೂ ಹಾಗೇ ಇತ್ತು. ಆ್ಯಪಿನಲ್ಲಿ ಸೋರಿಕೆಯ ಗೆರೆ ಮತ್ತೆ ಏರಿತು. ಅಭ್ಯಾಸ ಶುರು ಮಾಡಿದ ಮೇಲೆ ಇಳಿಯಿತು. ಸ್ನಾಯು ಅಂದಮೇಲೆ ಬಿಟ್ಟರೆ ಸಡಿಲವಾಗುತ್ತದೆ, ಅದರಲ್ಲೇನು ಆಶ್ಚರ್ಯ.

ಈಗ ಕ್ಲಾಸಿಗೆ ಗೊರಕೆಯವರೇ ಬರತೊಡಗಿದ್ದಾರೆ. ಮೇಷ್ಟ್ರು ಮೊದಲು ಕೇಳುವುದು "ನಿದ್ದೆ ಪರೀಕ್ಷೆ ಆಗಿದೆಯಾ?" ಅಂತ. ಆಗಿಲ್ಲ ಅಂದರೆ ಡಾಕ್ಟ್ರ ಹತ್ತಿರ ಕಳಿಸುತ್ತಾರೆ. ಗಂಟಲು ಮುಚ್ಚಿಕೊಳ್ಳುವ ಆಪ್ನಿಯಾ ಒಂದು ಬಗೆ. ಮಿದುಳೇ ಉಸಿರಾಡು ಅಂತ ಹೇಳದೆ ಇರುವ ಇನ್ನೊಂದು ಬಗೆಯೂ ಇದೆ. ಅದಕ್ಕೆ ನಾಲಿಗೆ ಚಾಚಿ ಏನೂ ಪ್ರಯೋಜನ ಇಲ್ಲ. ಲಾರಿ ಓಡಿಸುವ ಒಬ್ಬರು ಬಂದಿದ್ದರು, ಸ್ಟೀರಿಂಗ್ ಹಿಡಿದು ತೂಕಡಿಸುತ್ತಾರಂತೆ. ಅವರನ್ನು ಚಾಪೆ ಹಾಸಲೂ ಬಿಡದೆ ಆಸ್ಪತ್ರೆಗೆ ಕಳಿಸಿದರು.

ನನ್ನ ಮುಂದಿನ ಪರೀಕ್ಷೆ ದಸರಾ ಕಳೆದ ಮೇಲೆ. ಎ.ಎಚ್.ಐ. 15ರ ಕೆಳಗೆ ಬಂದರೆ ದಂತವೈದ್ಯರ ಹತ್ತಿರ ಅಳತೆ ಕೊಟ್ಟು, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ ಮಾಡಿಸಿ ನೋಡಬಹುದು ಎಂದಿದ್ದಾರೆ ಡಾಕ್ಟ್ರು. ರಾತ್ರಿ ಹಲ್ಲಿಗೆ ಹಾಕಿಕೊಂಡು ಮಲಗುವುದು, ಕರೆಂಟು ಬೇಡ. ನಮ್ಮ ತವರೂರಿನಲ್ಲಿ ರಾತ್ರಿ ಕರೆಂಟು ಯಾವಾಗ ಹೋಗುತ್ತದೋ ಹೇಳುವ ಹಾಗಿಲ್ಲ. ಅಲ್ಲಿಗೆ ಹೋಗುವಾಗ ಮೆಷಿನ್ ಜೊತೆ ಇನ್ವರ್ಟರ್ ಇರುವ ಮನೆಯನ್ನೂ ಹುಡುಕಬೇಕು. ಸದ್ಯಕ್ಕೆ ಚಿಕ್ಕಪ್ಪನ ಮನೆಯ ನಡುಮನೆ ಗೊತ್ತುಮಾಡಿಕೊಂಡಿದ್ದೇನೆ.